ಚುಕ್ಕಾಣಿ ಎಡಕ್ಕೆಳೆದ ಮಂಗಳವಾರ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಎದೆ ಹಿಡಿದುಕೊಳ್ಳಬೇಡಿ. ಆಚೆ ದಡಕ್ಕೆ ಜನರನ್ನು ದಾಟಿಸುವ ದೊಡ್ಡ ದೋಣಿಯ ಚುಕ್ಕಾಣಿ ಕೇಸ್ ಇದೆಯಲ್ಲ, ಅದನ್ನು ಬಿಡಿಸಿದ ಗಂಡು ನಿಮ್ಮ ಎದುರಿಗೇ ಕೂತಿದ್ದಾನೆ. ಪೊಲೀಸರಿಲ್ಲ, ನಾಯಿಯಿಲ್ಲ, ಭೂತಗನ್ನಡಿಯಿಲ್ಲ. ಒಂದು ಟಾರ್ಚು, ಒಂದು ಗ್ರೀಸ್ ಡಬ್ಬ, ಒಂದು ಮೆದುಳು. ನಾನು ನಡೆದು ಬಂದರೆ ಹಿಂದೆ ಮ್ಯೂಸಿಕ್ ತಾನಾಗಿಯೇ ಶುರುವಾಗುತ್ತದೆ. ಕೇಳಿಸದಿದ್ದರೆ ಕಿವಿ ತೋರಿಸಿಕೊಳ್ಳಿ.

ದೋಣಿ ನಿಲ್ಲುವ ಈ ಧಕ್ಕೆಯಲ್ಲಿ ನನ್ನನ್ನು ಎಲ್ಲರೂ ಡೈಲಾಗ್ ಅಂತ ಕರೆಯುತ್ತಾರೆ. ವಯಸ್ಸು ಇಪ್ಪತ್ತಮೂರು. ಅಕ್ಕನ ದೋಣಿ ರಿಪೇರಿ ಶೆಡ್ಡಿನಲ್ಲಿ ಕೆಲಸ. ಅಕ್ಕ ಅಂದರೆ ಒಡಹುಟ್ಟಿದ ಅಕ್ಕ. ಅವಳು ಸ್ಪ್ಯಾನರ್ ಎತ್ತಿಕೊಂಡರೆ ತುಕ್ಕು ಹಿಡಿದ ಬೋಲ್ಟೂ ಹೆದರಿ ತಿರುಗುತ್ತದೆ. ಇನ್ನು ಆ ದೋಣಿಯ ಚುಕ್ಕಾಣಿ ಹಿಡಿಯುವವರು ನಮ್ಮ ದೊಡ್ಡಪ್ಪ, ಅಪ್ಪನ ಅಣ್ಣ. ಮೂವತ್ತೊಂದು ವರ್ಷದಿಂದ ಅದೇ ಚಕ್ರ, ಅದೇ ನೀರು, ಅದೇ ಎರಡು ಧಕ್ಕೆ. ಅವರಿಗೆ ಮಕ್ಕಳಿಲ್ಲ, ದೊಡ್ಡಮ್ಮ ಹೋಗಿ ಆರು ವರ್ಷವಾಯಿತು. ರಜೆ ಕೊಟ್ಟರೂ ಬಂದು ದೋಣಿಯಲ್ಲೇ ಕೂರುತ್ತಾರೆ.

ಇನ್ನೊಂದು ಪಾಳಿಗೆ ಇನ್ನೊಬ್ಬನಿದ್ದಾನೆ. ನಾವಿಟ್ಟ ಹೆಸರು ಇಸ್ತ್ರಿ. ಎಣ್ಣೆ, ಹೊಗೆ, ಉಪ್ಪುಗಾಳಿಯ ನಡುವೆ ಎಂಟು ಗಂಟೆ ನಿಂತರೂ ಅವನ ಅಂಗಿಯ ಮಡಿಕೆ ಕದಲುವುದಿಲ್ಲ. ಇಂಥವನನ್ನು ನಂಬಬಹುದಾ? ನಾನಂತೂ ನಂಬಲಿಲ್ಲ.

ಮಂಗಳವಾರ ಬೆಳಿಗ್ಗೆಯ ಮೊದಲ ಟ್ರಿಪ್. ಹಿಂದಿನ ದಿನ ದೋಣಿಗೆ ವಾರದ ರಜೆ. ಚಕ್ರದ ಕೋಣೆಗೆ ಬಣ್ಣ, ಚಕ್ರಕ್ಕೆ ವಾರ್ನಿಷ್ ಎಲ್ಲ ಆಗಿ ಮದುಮಗನ ಹಾಗೆ ಮಿಂಚುತ್ತಿತ್ತು. ಎಂಬತ್ತು ಜನ ಹತ್ತಿದ್ದರು. ಆಚೆ ಧಕ್ಕೆಗೆ ಇನ್ನು ಹತ್ತು ಮಾರು ಇದೆ ಅನ್ನುವಾಗ ದೋಣಿ ಮೂತಿ ಎಡಕ್ಕೆ ತಿರುಗಿಸಿ, ನೇರವಾಗಿ ಹೋಗಿ ಕಲ್ಲುಕಂಬಕ್ಕೆ ಗುದ್ದಿತು. ಗುದ್ದು ತಡೆಯಲು ಕಟ್ಟಿದ್ದ ಟಯರೊಂದು ಚೈನು ಕಿತ್ತುಕೊಂಡು ನೀರಿಗೆ ಹಾರಿತು. ಒಬ್ಬ ಟೀಚರಮ್ಮ ಬಿದ್ದು ಮೊಣಕಾಲು ತರಚಿಕೊಂಡರು. ಯಾರದೋ ಕೋಳಿಗಳು ಬುಟ್ಟಿಯಿಂದ ಹೊರಬಂದು ಟಿಕೆಟ್ ಇಲ್ಲದೆ ಇಳಿದು ಹೋದವು.

ನಾನು, ಅಕ್ಕ ಸಣ್ಣ ದೋಣಿಯಲ್ಲಿ ಆಚೆ ದಡ ಮುಟ್ಟಿದೆವು. ದೊಡ್ಡಪ್ಪ ಇಳಿದು ಬಂದಾಗ ಮುಖ ಬೆಳ್ಳಗಾಗಿತ್ತು.

"ಎಡಕ್ಕೆ ಎಳೀತಿದೆ. ದಾರಿ ಉದ್ದಕ್ಕೂ ಎಳೀತಿತ್ತು. ನಾನು ನೇರ ಮಾಡಿದ್ರೂ ಅದು ನೇರ ಆಗ್ತಿರ್ಲಿಲ್ಲ," ಅಂದರು.

ನಮ್ಮ ಹಿಂದೆಯೇ ಮ್ಯಾನೇಜರ್ ಆಫೀಸಿನಿಂದ ಫೈಲು ಹಿಡಿದೇ ದಾಟಿ ಬಂದರು. ಅವರು ಕೂಗುವುದಿಲ್ಲ, ಅದೇ ಭಯ.

"ನೋಡಿ ಯಜಮಾನ್ರೇ, ಶುಕ್ರವಾರ ಇನ್‌ಸ್ಪೆಕ್ಟರ್ ಬರ್ತಾರೆ. ಚುಕ್ಕಾಣೀಲಿ ದೋಷ ಇದ್ರೆ ಚುಕ್ಕಾಣಿ ರಿಪೇರಿ ಮಾಡಿಸ್ತೀನಿ. ಚುಕ್ಕಾಣಿ ಸರಿಯಾಗೇ ಇದ್ರೆ ಚುಕ್ಕಾಣಿ ಹಿಡಿಯೋರನ್ನ ಬದಲಾಯಿಸ್ತೀನಿ. ಟಿಕೆಟ್ ಕೌಂಟರಲ್ಲಿ ಫ್ಯಾನ್ ಇದೆ, ಕುರ್ಚಿ ಇದೆ. ನಿಮಗೂ ಅರವತ್ತಾಯ್ತು."

ದೊಡ್ಡಪ್ಪ ಬಲಗೈ ಎತ್ತಿ ಅಂಗೈ ನೋಡಿಕೊಂಡರು, ಅಷ್ಟೆ.

ನೀವೇ ಹೇಳಿ, ಇಂಥ ಸೀನಿನಲ್ಲಿ ಹೀರೋ ಸುಮ್ಮನಿರುತ್ತಾನಾ? ನಾನು ಮುಂದೆ ಬಂದು, ಕೂದಲು ಹಿಂದಕ್ಕೆ ತಳ್ಳಿ ಹೇಳಿದೆ: "ಸಾರ್, ನೀರಿಗೆ ಬಾಯಿಲ್ಲದೆ ಇರಬಹುದು. ಆದ್ರೆ ಈ ನೀರಲ್ಲಿ ಯಾರು ಕೈ ಆಡಿಸಿದ್ದಾರೋ, ಅವರ ಬಾಯಿ ಬಿಡಿಸೋಕೆ ನಾನಿದ್ದೀನಿ!"

"ಟಯರ್ ತೆಗಿ ಮೊದಲು. ತೇಲ್ತಾ ಹೋಗ್ತಿದೆ," ಅಂದಳು ಅಕ್ಕ.

ಬುಧವಾರ ಬೆಳಿಗ್ಗೆ ದೋಣಿಯನ್ನು ನಮ್ಮ ಶೆಡ್ಡಿನ ಮುಂದೆ ಕಟ್ಟಿದೆವು. ನಿಮಗೆ ಅರ್ಥವಾಗಲಿ ಅಂತ ಹೇಳುತ್ತೇನೆ, ಇದರಲ್ಲಿ ಗುಟ್ಟೇನಿಲ್ಲ. ಚಕ್ರ ತಿರುಗಿಸಿದರೆ ಅದರ ಹಿಂದಿರುವ ಹಲ್ಲುಗಾಲಿ ಒಂದು ಚೈನನ್ನು ಎಳೆಯುತ್ತದೆ. ಚೈನಿನ ಎರಡು ತುದಿಗೂ ಉಕ್ಕಿನ ತಂತಿಹಗ್ಗ. ಒಂದು ಎಡಬದಿಯಲ್ಲಿ, ಒಂದು ಬಲಬದಿಯಲ್ಲಿ ರಾಟೆಗಳ ಮೇಲೆ ಓಡಿ, ಹಿಂಬದಿಯಲ್ಲಿ ಚುಕ್ಕಾಣಿಯ ನೆತ್ತಿಗೆ ಸಿಕ್ಕಿಸಿದ ಕಬ್ಬಿಣದ ತೋಳನ್ನು ಎಳೆಯುತ್ತವೆ. ತೋಳು ತಿರುಗಿದರೆ ನೀರೊಳಗಿನ ಹಲಗೆ ತಿರುಗುತ್ತದೆ, ಹಲಗೆ ತಿರುಗಿದರೆ ದೋಣಿ. ಎಲ್ಲೋ ಒಂದು ಕಡೆ ಸಡಿಲವಾದರೆ ಸಾಕು, ನೀವು ಒಂದು ಹೇಳಿದರೆ ದೋಣಿ ಇನ್ನೊಂದು ಮಾಡುತ್ತದೆ.

ಅಕ್ಕ ತಂತಿಹಗ್ಗಕ್ಕೆ ಹಳೇ ಬನಿಯನ್ ಸುತ್ತಿ ಮುಂದಿನಿಂದ ಹಿಂದಿನವರೆಗೆ ಎಳೆದಳು. ತಂತಿಯ ಒಂದು ಎಳೆ ಮುರಿದಿದ್ದರೂ ಬಟ್ಟೆ ಕಚ್ಚಿಕೊಳ್ಳಬೇಕು. ಕಚ್ಚಲಿಲ್ಲ. ರಾಟೆಗಳ ಗೂಟ ಅಲ್ಲಾಡಿಸಿದಳು. ಗಟ್ಟಿ. ಹಗ್ಗ ಬಿಗಿ ಮಾಡುವ ತಿರುಪುಗಳಿಗೆ ಕಟ್ಟಿದ್ದ ಬೀಗದ ತಂತಿ ಹಾಗೇ ಇತ್ತು. ಹಿಂಬದಿಯ ಮುಚ್ಚಳ ತೆಗೆದು ಹೊಟ್ಟೆಯ ಮೇಲೆ ತೆವಳಿ ಒಳಗೆ ಹೋದಳು. ನಾನು ಟಾರ್ಚು ಹಿಡಿದೆ.

"ಬೆಳಕು ಕಬ್ಬಿಣದ ಮೇಲೆ ಬಿಡೋ. ನನ್ನ ಮುಖದ ಮೇಲೆ ಯಾಕೆ ಬಿಡ್ತೀಯ?"

"ಅಪರಾಧಿಯ ಕಣ್ಣಲ್ಲಿ ಬೆಳಕು ಬಿಟ್ರೆ ಸತ್ಯ ತಾನಾಗೇ..."

"ಒದೀತೀನಿ."

ತೋಳಿನ ಬೋಲ್ಟು, ಚುಕ್ಕಾಣಿಯ ನೆತ್ತಿ, ನೀರು ಒಳಗೆ ಬರದಂತೆ ತುರುಕಿದ ಗ್ರೀಸ್ ಹಗ್ಗ, ಎಲ್ಲ ನೆಟ್ಟಗಿದ್ದವು. ದೋಷ ಸಿಗದಿದ್ದರೆ ದೊಡ್ಡಪ್ಪನಿಗೆ ಫ್ಯಾನ್ ಕೆಳಗಿನ ಕುರ್ಚಿ ಗ್ಯಾರಂಟಿ.

ಕೊನೆಗೆ ಅಕ್ಕ ತೋಳನ್ನು ಅಲ್ಲಿರುವ ಕೆಂಪು ಗೆರೆಗೆ ಸರಿಯಾಗಿ ನಿಲ್ಲಿಸಿದಳು. ಗೆರೆಗೆ ನಿಂತರೆ ನೀರೊಳಗಿನ ಹಲಗೆ ನೇರ ಅಂತ ಅರ್ಥ. "ದೊಡ್ಡಪ್ಪ, ಈಗ ಹುರಿ ಎಲ್ಲಿದೆ ನೋಡಿ," ಅಂತ ಚಕ್ರದ ಕೋಣೆಯಲ್ಲಿದ್ದ ಅವರಿಗೆ ಕೂಗಿ ಹೇಳಿದಳು.

ಹುರಿ ಅಂದರೆ ಇದು. ಚಕ್ರಕ್ಕೆ ಆರು ಹಿಡಿ, ಆರೂ ಒಂದೇ ಥರ. ಚುಕ್ಕಾಣಿ ನೇರವಿದ್ದಾಗ ಮೇಲೆ ಬರುವ ಹಿಡಿಗೆ ಮಾತ್ರ ಹತ್ತಿಹುರಿ ಒತ್ತೊತ್ತಾಗಿ ಸುತ್ತಿರುತ್ತಾರೆ. ಧಕ್ಕೆ ಹತ್ತಿರವಾದಾಗ ದೊಡ್ಡಪ್ಪ ಚಕ್ರ ನೋಡುವುದಿಲ್ಲ. ಕಣ್ಣು ಧಕ್ಕೆಯ ಮೇಲೆ, ಕೈ ಹುರಿಯ ಮೇಲೆ. ಅಂಗೈಗೆ ಹುರಿ ತಗುಲಿತು, ಹುರಿ ಮೇಲಿದೆ, ಅಂದರೆ ಚುಕ್ಕಾಣಿ ನೇರ. ಮೂವತ್ತೊಂದು ವರ್ಷದ ಲೆಕ್ಕ ಇದು.

ನಾವು ಚಕ್ರದ ಕೋಣೆಗೆ ಓಡಿದೆವು. ಗಡಿಯಾರದ ಹನ್ನೆರಡರ ಜಾಗದಲ್ಲಿ ಇರಬೇಕಾದ ಹುರಿ ಎರಡರ ಜಾಗದಲ್ಲಿತ್ತು. ಅಂದರೆ ಹುರಿ ಮೇಲೆ ಬರಬೇಕಾದರೆ ಚಕ್ರವನ್ನು ಒಂದು ಹಿಡಿಯಷ್ಟು ಎಡಕ್ಕೆ ತಿರುಗಿಸಬೇಕು. ದೋಣಿ ಎಡಕ್ಕೇ ಹೋಗುತ್ತದೆ.

"ಚೈನು ಒಂದು ಹಲ್ಲು ಜಾರಿರಬೇಕು," ಅಂದರು ದೊಡ್ಡಪ್ಪ, ಉಸಿರು ಬಂದವರ ಹಾಗೆ.

ಅಕ್ಕ ಚಕ್ರದ ಹಿಂದಿನ ಮುಚ್ಚಳ ಬಿಚ್ಚಿದಳು. ಚೈನಿನ ಒಂದು ಕೊಂಡಿಗೆ, ಹಲ್ಲುಗಾಲಿಯ ಒಂದು ಹಲ್ಲಿಗೆ ಅವಳೇ ಹೋದ ವರ್ಷ ಬಿಳಿ ಬಣ್ಣ ಹಚ್ಚಿದ್ದಳು. ಬಿಳಿ ಬಿಳಿಗೆ ಸರಿಯಾಗಿ ಕೂತಿತ್ತು.

"ಚೈನು ಜಾರಿಲ್ಲ. ಹುರೀನೇ ಬೇರೆ ಹಿಡಿಗೆ ಹೋಗಿದೆ. ಅದಕ್ಕೆ ಕಾಲಿಲ್ಲ."

ದೊಡ್ಡಪ್ಪ ಬಗ್ಗಿ ಹುರಿಯನ್ನು ಬಹಳ ಹೊತ್ತು ನೋಡಿದರು. ಬೆರಳಿನಿಂದ ಒಂದೊಂದೇ ಸುತ್ತನ್ನು ಸವರಿದರು. ಆಮೇಲೆ ಇಳಿದು ಹೋದರು.

ಅಕ್ಕ ನನ್ನ ಕಡೆ ತಿರುಗಿದಳು. "ಸೋಮವಾರ ಸಂಜೆ ಎಲ್ಲಿದ್ದೆ?"

"ಶೆಡ್ಡಲ್ಲೇ. ತುಕ್ಕು ಉಜ್ಜೋ ಉಪ್ಪುಕಾಗದ ಎಣಿಸ್ತಿದ್ದೆ."

"ನೀನು? ಎಣಿಸ್ತಿದ್ದೆ?"

ಸ್ವಂತ ತಮ್ಮನ ಮೇಲೆ ಅನುಮಾನ! ಎಂಥ ಅಕ್ಕ ನೋಡಿ. ನಾನು ತಕ್ಷಣ ತನಿಖೆಯನ್ನು ಸರಿಯಾದ ದಿಕ್ಕಿಗೆ ತಿರುಗಿಸಿದೆ.

"ಅಕ್ಕ, ಯೋಚನೆ ಮಾಡು. ಮಂಗಳವಾರ ಬೆಳಿಗ್ಗೆ ಡ್ಯೂಟಿ ಯಾರದ್ದು? ಇಸ್ತ್ರಿದು. ರಾತ್ರೋರಾತ್ರಿ ಫೋನ್ ಮಾಡಿ ದೊಡ್ಡಪ್ಪನ ಜೊತೆ ಪಾಳಿ ಬದಲಾಯಿಸ್ಕೊಂಡ. ಮಗಳ ಸ್ಕೂಲಲ್ಲಿ ಮೀಟಿಂಗಂತೆ. ಅವತ್ತೇ ಯಾಕೆ? ದೊಡ್ಡಪ್ಪ ಕೌಂಟರಿಗೆ ಹೋದ್ರೆ ಎರಡೂ ಪಾಳಿಗೆ ಹಿರಿಯ ಯಾರು? ಇಸ್ತ್ರಿ! ಲಾಭ ಯಾರಿಗೋ, ಪಾಪ ಅವರದ್ದೇ!"

ಅಕ್ಕ ಸ್ಪ್ಯಾನರ್ ಒರೆಸುತ್ತಾ ಒರೆಸುತ್ತಾ ಯೋಚಿಸಿದಳು. ನನಗೆ ಅಷ್ಟು ಸಾಕಾಗಿತ್ತು.

ಮಧ್ಯಾಹ್ನ ನಾನು ಎಣ್ಣೆ ಡ್ರಮ್ಮುಗಳ ಹಿಂದೆ ಕೂತು ಇಸ್ತ್ರಿಯನ್ನು ಕಾದೆ. ಮೂರು ಗಂಟೆಗೆ ಬಂದ. ಆಚೆ ಈಚೆ ನೋಡಿದ. ಚಪ್ಪಲಿ ಬಿಟ್ಟು ದೋಣಿ ಹತ್ತಿದ! ಚಪ್ಪಲಿ ಬಿಟ್ಟು ಯಾರು ಹತ್ತುತ್ತಾರೆ? ಸದ್ದಾಗಬಾರದು ಅನ್ನುವವನು. ಅಂಗಿಯ ತೋಳು ಮಡಚಿ, ಅದೂ ಅಳತೆ ಹಿಡಿದ ಹಾಗೆ ಮಡಚಿ, ಹಿಂಬದಿಯ ಮುಚ್ಚಳ ಎತ್ತಿ ಒಳಗೆ ಕೈ ಹಾಕಿದ. ಜೇಬಿನಿಂದ ಬಟ್ಟೆ ತೆಗೆದು ಏನನ್ನೋ ಒರೆಸಿದ. ಸಾಕ್ಷಿ ಅಳಿಸುತ್ತಿದ್ದಾನೆ! ಇಂಟರ್‌ವಲ್ ಅಂದರೆ ಇದಪ್ಪಾ ಅಂದುಕೊಂಡೆ. ಡ್ರಮ್ಮಿಗೆ ಮೊಣಕೈ ತಗುಲಿ ಡಬ್ ಅಂತ ಸದ್ದಾಯಿತು. ಅವನು ತಲೆಯೆತ್ತಿ ಸುಮಾರು ಹೊತ್ತು ಈ ಕಡೆಯೇ ನೋಡಿದ. ನಾನು ಬೆಕ್ಕಿನ ಹಾಗೆ ಕೂಗಿದೆ. ಆ ಧಕ್ಕೆಯಲ್ಲಿ ಬೆಕ್ಕುಗಳಿಲ್ಲ ಅಂತ ಆಮೇಲೆ ನೆನಪಾಯಿತು.

ಗುರುವಾರ ಹತ್ತು ಗಂಟೆಗೆ ಮ್ಯಾನೇಜರ್ ರೂಮಿನಲ್ಲಿ ಎಲ್ಲರೂ ಸೇರಿದೆವು. ಮೇಜು, ನಾಲ್ಕು ಕುರ್ಚಿ, ಗೋಡೆಯಲ್ಲಿ ದೋಣಿಗಳ ವೇಳಾಪಟ್ಟಿ. ಅಕ್ಕ ತನಗೆ ಸಿಕ್ಕಿದ್ದನ್ನು ಹೇಳಿದಳು: ಯಂತ್ರದಲ್ಲಿ ದೋಷವಿಲ್ಲ, ಹುರಿ ಮಾತ್ರ ತಪ್ಪು ಹಿಡಿಯಲ್ಲಿದೆ. ನಾನು ಎದ್ದು ನಿಂತೆ.

"ಸಾರ್, ಹುರಿ ಸುತ್ತಿದ ಕೈ ಇದೇ ರೂಮಲ್ಲಿದೆ!"

ಬೆರಳು ನೇರವಾಗಿ ಇಸ್ತ್ರಿಯ ಕಡೆ. ಪಾಳಿ ಬದಲಾವಣೆ, ಚಪ್ಪಲಿ, ಮುಚ್ಚಳ, ಬಟ್ಟೆ, ಎಲ್ಲ ಹೇಳಿದೆ. ಇಸ್ತ್ರಿಯ ಕಿವಿ ಕೆಂಪಾಯಿತು.

"ಲೋ, ಆ ಬೆಕ್ಕು ನೀನೇನಾ?" ಅಂದ ಮೊದಲು. ಆಮೇಲೆ ಮ್ಯಾನೇಜರ್ ಕಡೆ ತಿರುಗಿದ. "ಹೌದು ಸಾರ್, ಹೋಗಿದ್ದೆ. ತಂತಿಗೆ ಬಟ್ಟೆ ಎಳೆದು ನೋಡೋಕೆ ಹೋಗಿದ್ದೆ. ಈ ಹುಡುಗಿ ನೋಡಿದ್ದಾಳೆ ಅಂತ ಗೊತ್ತು, ಆದ್ರೂ ಒಂದು ಎಳೆ ಆದ್ರೂ ಮುರಿದಿರಲಿ ಅಂತ ಆಸೆ. ಈ ಅಣ್ಣನ ಮೇಲೆ ಬರೋ ತಪ್ಪು ತಂತಿ ಮೇಲೆ ಹೋಗುತ್ತಲ್ಲ. ನನ್ನ ಪಾಳಿ ಅವರಿಗೆ ಕೊಟ್ಟಿದ್ದು ನಾನೇ ಅಲ್ವಾ?"

"ಚಪ್ಪಲಿ ಯಾಕೆ ಬಿಟ್ರಿ?" ಅಂದೆ. ಬಿಡುವವನಲ್ಲ ನಾನು.

"ಹೊಸ ಬಣ್ಣ ಕಣೋ, ಮಣ್ಣಾಗುತ್ತೆ."

ಮ್ಯಾನೇಜರ್ ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು. "ಮಾತು ಚೆನ್ನಾಗಿದೆ. ಆದ್ರೆ ನಾಳೆ ಇನ್‌ಸ್ಪೆಕ್ಟರ್‌ಗೆ ನಾನು ಒಬ್ಬರ ಹೆಸರು ಹೇಳ್ಬೇಕು. ಪಾಳಿ ಬದಲಾಯಿಸಿದ್ದು ನೀನು, ಯಾರಿಗೂ ಹೇಳದೆ ದೋಣಿ ಹತ್ತಿದ್ದೂ ನೀನು..."

ಗೆದ್ದೆ ಅಂದುಕೊಂಡೆ. ಆಗ ದೊಡ್ಡಪ್ಪ ಕೆಮ್ಮಿದರು.

"ಅವನನ್ನ ಬಿಟ್ಬಿಡಿ ಸಾರ್. ಸೋಮವಾರ ಮಧ್ಯಾಹ್ನ ವಾರ್ನಿಷ್ ಒಣಗಿದ ಮೇಲೆ ಹೊಸ ಹುರಿ ಸುತ್ತಿದ್ದು ನಾನು. ಆರೂ ಹಿಡಿ ಒಂದೇ ಥರ ಹೊಳೀತಿತ್ತು. ತಪ್ಪು ಹಿಡಿಗೆ ಸುತ್ತಿದ್ದೀನಿ. ನಿನ್ನೆ ನೋಡಿದೆನಲ್ಲ, ಅದು ನನ್ನದೇ ಸುತ್ತು. ನನ್ನ ಅಪ್ಪ ಕಲಿಸಿದ್ದು, ಇಲ್ಲಿ ಇನ್ನೊಬ್ಬರಿಗೆ ಬರಲ್ಲ. ಸರಿಯಾದ ಹಿಡಿಗೆ ಸುತ್ತಿದ ಹಾಗೇ ನೆನಪಿದೆ ನನಗೆ. ಕಣ್ಣಿಗೆ ಕಟ್ಟಿದ ಹಾಗಿದೆ. ಅಂದ್ರೆ ನೆನಪೂ ಕೈಕೊಡ್ತಿದೆ ಅಂತಾಯ್ತು." ಜೇಬಿನಿಂದ ಚಕ್ರದ ಕೋಣೆಯ ಬೀಗದಕೈ ತೆಗೆದು ಮೇಜಿನ ಮೇಲಿಟ್ಟರು. "ಎಂಬತ್ತು ಜನ ಇರ್ತಾರೆ. ನನ್ನನ್ನೇ ನಾನು ನಂಬದೆ ಹೇಗೆ ನಿಲ್ಲಲಿ? ಕೌಂಟರಲ್ಲೇ ಕೂರ್ತೀನಿ."

ಆಗ ನಾನು ಮೇಜಿಗೆ ಗುದ್ದಿ, ಕಣ್ಣಲ್ಲಿ ಬೆಂಕಿ ಕಾರುತ್ತಾ, "ನಿಲ್ಲಿ ದೊಡ್ಡಪ್ಪ! ಈ ಬೀಗದಕೈ ನಿಮ್ಮ ಜೇಬು ಬಿಟ್ಟು ಹೋಗಬೇಕಾದ್ರೆ ಮೊದಲು ನನ್ನ ದಾಟಿ ಹೋಗ್ಬೇಕು!" ಅಂದೆ. ಇಡೀ ರೂಮು ಸ್ತಬ್ಧ.

ಇಲ್ಲ. ಸುಳ್ಳು. ನಾನು ಏನೂ ಅನ್ನಲಿಲ್ಲ. ಗೋಡೆಯ ಮೇಲಿನ ವೇಳಾಪಟ್ಟಿ ಓದಿದೆ. ಮೊದಲ ದೋಣಿ ಆರೂವರೆ, ಎರಡನೆಯದು ಏಳೂಕಾಲು, ಮೂರನೆಯದು ಎಂಟು. ದೊಡ್ಡಪ್ಪ ಕುರ್ಚಿ ಹಿಂದಕ್ಕೆ ಸರಿಸಿ ಹೋದರು. ನಾನು ಕೊನೆಯ ದೋಣಿಯವರೆಗೂ ಓದಿದೆ.

ಹೇಳಿಬಿಡುತ್ತೇನೆ. ಸೋಮವಾರ ಸಂಜೆ ಐದೂವರೆಗೆ ಚಕ್ರದ ಕೋಣೆಯಲ್ಲಿದ್ದವನು ನಾನು. ಬಣ್ಣ ಒಣಗಲಿ ಅಂತ ಬಾಗಿಲು ತೆರೆದಿಟ್ಟಿದ್ದರು. ಆ ದಿನ ಬೆಳಿಗ್ಗೆ ಬಣ್ಣ ಹಚ್ಚುವಾಗ ಇಸ್ತ್ರಿ ನಾಲ್ಕು ಜನರ ಮುಂದೆ, "ಇವನ ಬಾಯಿ ಓಡೋ ಹಾಗೆ ಕೈ ಓಡಿದ್ರೆ ನಾವೆಲ್ಲ ರಿಟೈರ್ ಆಗ್ಬಹುದಿತ್ತು" ಅಂದಿದ್ದ. ಎಲ್ಲರೂ ನಕ್ಕರು. ದೊಡ್ಡಪ್ಪನೂ ನಕ್ಕರು. ಮಂಗಳವಾರ ಬೆಳಿಗ್ಗೆ ಇಸ್ತ್ರಿಯ ಪಾಳಿ ಅಂತ ಪಟ್ಟಿಯಲ್ಲಿತ್ತು. ಹುರಿಯನ್ನು ಬಿಚ್ಚಿ ಪಕ್ಕದ ಹಿಡಿಗೆ ಸುತ್ತಿಬಿಟ್ಟರೆ ಅವನು ನಡುನೀರಿನಲ್ಲಿ ಹಾವಿನ ಹಾಗೆ ಹೊರಳಾಡುತ್ತಾನೆ, ದಡದಲ್ಲಿ ನಿಂತು ಸೀಟಿ ಹೊಡೆಯೋಣ ಅಂತ. ಅಷ್ಟೇ ಇದ್ದದ್ದು. ಧಕ್ಕೆಗೆ ಗುದ್ದಬಹುದು ಅಂತ ಹೊಳೆಯಲೇ ಇಲ್ಲ. ರಾತ್ರೋರಾತ್ರಿ ಪಾಳಿ ಬದಲಾಗಿದ್ದು ನನಗೆ ಗೊತ್ತಾಗಿದ್ದು ಮಂಗಳವಾರ, ದೋಣಿ ಅರ್ಧ ದಾರಿಯಲ್ಲಿದ್ದಾಗ. ಆಗಲೂ ಮ್ಯಾನೇಜರಿಗೆ ಹೇಳಿ ಫೋನ್ ಮಾಡಿಸಬಹುದಿತ್ತು. ಮಾಡಿಸಲಿಲ್ಲ.

ಡ್ರಮ್ಮಿನ ಹಿಂದೆ ಕೂತು ಇಸ್ತ್ರಿಯನ್ನು ಕಾದೆನಲ್ಲ, ಅದು ತನಿಖೆಯಲ್ಲ. ಅವನು ಏನಾದರೂ ತಪ್ಪು ಮಾಡಲಿ, ನನ್ನದು ಅದರ ಕೆಳಗೆ ಮುಚ್ಚಿಹೋಗಲಿ ಅಂತ.

ಶುಕ್ರವಾರ ಬೆಳಿಗ್ಗೆ ಅಕ್ಕ ಟೀ ಕೊಡಲಿಲ್ಲ. ಎದುರು ಸ್ಟೂಲು ಎಳೆದು ಕೂತಳು.

"ಉಪ್ಪುಕಾಗದ ಎಷ್ಟಿತ್ತು?"

"ಏನು?"

"ಸೋಮವಾರ ಎಣಿಸಿದೆಯಲ್ಲ. ಎಷ್ಟು?"

"ನಲವತ್ತು..."

"ಉಪ್ಪುಕಾಗದ ಮುಗಿದು ಎರಡು ವಾರ ಆಯ್ತು ಕಣೋ."

ಹೇಳಿದೆ. ಹೇಳಿ, "ನೀನೇ ದೊಡ್ಡಪ್ಪನಿಗೆ ಹೇಳಕ್ಕಾ" ಅಂದೆ. ಅವಳು ನನ್ನ ಕಾಲರ್ ಹಿಡಿದಳು. ಶೆಡ್ಡಿನಿಂದ ದೋಣಿಯವರೆಗೆ ಬಿಡಲಿಲ್ಲ.

ಚಕ್ರದ ಕೋಣೆಯಲ್ಲಿ ದೊಡ್ಡಪ್ಪ ತಮ್ಮ ದಿಂಬು, ಕನ್ನಡಕದ ಡಬ್ಬಿ, ಟವೆಲು ಚೀಲಕ್ಕೆ ತುಂಬುತ್ತಿದ್ದರು. ಮ್ಯಾನೇಜರ್, ಇಸ್ತ್ರಿ ಇಬ್ಬರೂ ಅಲ್ಲೇ ಇದ್ದರು. ಇನ್‌ಸ್ಪೆಕ್ಟರ್ ಬರಲು ಒಂದು ಗಂಟೆ ಬಾಕಿ.

"ದೊಡ್ಡಪ್ಪ, ಹುರಿ ಬದಲಾಯಿಸಿದ್ದು ನಾನು," ಅಂದೆ.

"ಇದು ಯಾವ ಪಿಕ್ಚರ್‌ದು?" ಅಂದರು ಮ್ಯಾನೇಜರ್.

ದೊಡ್ಡಪ್ಪ ನನ್ನ ತಲೆ ಸವರಿದರು. "ನನ್ನ ಉಳಿಸೋಕೆ ಸುಳ್ಳು ಹೇಳ್ಬೇಡ ಮಗಾ. ನಿನಗೆ ಆ ಸುತ್ತು ಬರಲ್ಲ. ಕಲಿಸೋಕೆ ಹೋಗಿ ನಾನೇ ಕೈ ಚೆಲ್ಲಿದ್ದೀನಿ."

"ಇವನಿಗೆ ಶೂ ಲೇಸ್ ಕಟ್ಟೋಕೂ ಬರಲ್ಲ," ಅಂದ ಇಸ್ತ್ರಿ.

ನಿಜ ಹೇಳಿದರೆ ಯಾರೂ ನಂಬುತ್ತಿಲ್ಲ! ಅಕ್ಕ ಚಾಕು ತೆಗೆದು ಹಳೇ ಹುರಿ ಕತ್ತರಿಸಿ ಎಸೆದಳು. ಹೊಸ ಹುರಿಯ ಉಂಡೆ ನನ್ನ ಕೈಗೆ ಕೊಟ್ಟು, "ಸುತ್ತು" ಅಂದಳು.

ಸರಿಯಾದ ಹಿಡಿ ಹಿಡಿದೆ. ಬುಡದಿಂದ ಶುರು ಮಾಡಿ, ಒಂದೊಂದು ಸುತ್ತನ್ನೂ ಹೆಬ್ಬೆರಳಿನಿಂದ ಹಿಂದಿನದಕ್ಕೆ ಒತ್ತುತ್ತಾ ಹೋದೆ. ಅವರು ಕೈ ಚೆಲ್ಲಿದ ಮೇಲೆ ಪೊರಕೆ ಹಿಡಿಯ ಮೇಲೆ, ಸುತ್ತಿಗೆ ಹಿಡಿಯ ಮೇಲೆ ಒಬ್ಬನೇ ಕೂತು ಕಲಿತದ್ದು ಅದು. ಯಾವತ್ತಾದರೂ ತೋರಿಸಿ ಬೆರಗು ಮಾಡೋಣ ಅಂತಿದ್ದೆ. ಕೊನೆಯ ನಾಲ್ಕು ಸುತ್ತಿನ ಕೆಳಗೆ ತುದಿ ನುಗ್ಗಿಸಿ, ಹಲ್ಲಿನಿಂದ ಎಳೆದು, ಉಳಿದದ್ದನ್ನು ಕತ್ತರಿಸಿದೆ. ಹೊರಗೆ ನೀರು ದೋಣಿಗೆ ತಟ್ಟುವುದು ಕೇಳುತ್ತಿತ್ತು.

ದೊಡ್ಡಪ್ಪ ಅಂಗೈಯನ್ನು ಹುರಿಯ ಮೇಲಿಟ್ಟರು. ಕಣ್ಣು ಮುಚ್ಚಿದರು. ತೆಗೆದಾಗ ಅವರ ಮುಖದಲ್ಲಿ ಮೊದಲು ಬಂದದ್ದು ಸಂತೋಷ, ಅದನ್ನು ನಾನು ನೋಡಿದೆ. ಕೈ ತಪ್ಪಿಲ್ಲ, ನೆನಪು ತಪ್ಪಿಲ್ಲ. ಆಮೇಲೆ ನನ್ನನ್ನು ನೋಡಿದರು, ಆ ಸಂತೋಷ ಹೋಯಿತು.

"ಮೂರು ದಿನದಿಂದ ನನಗೆ ನನ್ನ ಮೇಲೇ ಅನುಮಾನ ಕಣೋ. ಮನೆಯಲ್ಲಿ ಒಲೆ ಆರಿಸಿದೆನಾ ಅಂತ ನಾಲ್ಕು ಸಲ ಎದ್ದು ನೋಡಿದ್ದೀನಿ. ಆಗ ನೀನು ಎಲ್ಲಿದ್ದೆ?"

"ಇಲ್ಲೇ ಇದ್ದೆ ದೊಡ್ಡಪ್ಪ."

ಮ್ಯಾನೇಜರ್ ಬೀಗದಕೈ ವಾಪಸ್ ಕೊಟ್ಟರು. ಇನ್‌ಸ್ಪೆಕ್ಟರ್ ಬಂದು ಚಕ್ರವನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ, ಹಿಂಬದಿಯ ಮುಚ್ಚಳದೊಳಗೆ ಇಣುಕಿ ಸಹಿ ಹಾಕಿ ಹೋದರು. ದೊಡ್ಡಪ್ಪ ಎಂದಿನ ಪಾಳಿಗೆ ನಿಂತಿದ್ದಾರೆ. ಇಸ್ತ್ರಿಯ ಹತ್ತಿರ ತಪ್ಪಾಯಿತು ಅಂದೆ. ಅವನು ಅಂಗಿ ಸರಿಮಾಡಿಕೊಂಡು "ಹ್ಞೂಂ" ಅಂದ, ಅಷ್ಟೆ. ನನಗೆ ಚಕ್ರದ ಕೋಣೆಗೆ ಪ್ರವೇಶವಿಲ್ಲ, ದೊಡ್ಡಪ್ಪನದೇ ಆಜ್ಞೆ. ಶೆಡ್ಡಿನಲ್ಲಿ ರಾಟೆಗಳ ತುಕ್ಕು ಉಜ್ಜುತ್ತಿದ್ದೇನೆ.

ಕೇಸ್ ಬಿಡಿಸಿದ್ದು ಅಕ್ಕ. ಅವಳು ಅವತ್ತು ಕಾಲರ್ ಹಿಡಿಯದೆ ಹೋಗಿದ್ದರೆ ನಾನು ಬಾಯಿ ಬಿಡುತ್ತಿದ್ದೆನಾ ಅಂತ ಆಗಾಗ ಯೋಚಿಸುತ್ತೇನೆ. ಬಿಡುತ್ತಿರಲಿಲ್ಲ ಅಂತಲೇ ಕಾಣುತ್ತದೆ.